ಸೋಮವಾರದ ಗೈರು: ಶಾಲೆ, ದುಡಿಸುವವರು ಮತ್ತು ಕಾನೂನು

ಪೀಠಿಕೆ

ಬಿ.ಎಡ್. ಶಾಲಾ ಇಂಟರ್ನ್‌ಶಿಪ್‌ಗಾಗಿ ನನ್ನನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಕಾನೂನಿನ ಬಗ್ಗೆ ಬರೆಯುತ್ತೇನೆಂದು ಹೋಗುವಾಗ ಅಂದುಕೊಂಡಿರಲಿಲ್ಲ. ಎಂಟನೇ ತರಗತಿಯಲ್ಲಿ ನೇರ ಅನುಪಾತದ ಪಾಠ ಮಾಡುವಾಗ ಒಬ್ಬ ಹುಡುಗ ಕೊಟ್ಟ ಉತ್ತರದಿಂದ ಈ ಅಧ್ಯಯನ ಶುರುವಾಯಿತು. ಅದೇ ವಾರ ಹಾಜರಿ ಪುಸ್ತಕದಲ್ಲಿ ನಾನು ಒಂದು ತಪ್ಪು ಮಾಡಿದ್ದೆ ಎಂಬುದೂ ತಿಳಿಯಿತು. ಎರಡನ್ನೂ ಇದ್ದಂತೆ ಬರೆಯುತ್ತೇನೆ. ನನ್ನ ಹಾಗೆ ಮುಂದಿನ ಸೆಮಿಸ್ಟರ್‌ನಲ್ಲಿ ಶಾಲೆಗಳಿಗೆ ಹೋಗುವ ಸಹಪಾಠಿಗಳಿಗೆ ಉಪಯೋಗವಾಗಲಿ ಎಂಬುದು ಉದ್ದೇಶ.

ಆ ಹುಡುಗನ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಇದು ಸೌಜನ್ಯಕ್ಕಾಗಿ ಮಾತ್ರವಲ್ಲ. ಬಾಲ ನ್ಯಾಯ ಕಾಯ್ದೆ, 2015ರ ಪ್ರಕಾರ ಕಾರ್ಮಿಕ ಕಾನೂನು ಮೀರಿ ದುಡಿಯುತ್ತಿರುವ ಮಗು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು'. ಅಂಥ ಮಗುವಿನ ಹೆಸರು, ವಿಳಾಸ, ಶಾಲೆ ಯಾವುದನ್ನೂ ಪತ್ರಿಕೆಯಲ್ಲಿ ಪ್ರಕಟಿಸಬಾರದೆಂದು ಅದೇ ಕಾಯ್ದೆಯ 74ನೇ ಕಲಂ ಹೇಳುತ್ತದೆ. ನಮ್ಮ ಬೋಧನಾಭ್ಯಾಸದ ವರದಿಗಳಲ್ಲಿ 'ಸಮಸ್ಯಾತ್ಮಕ ವಿದ್ಯಾರ್ಥಿ' ಎಂದು ಮಕ್ಕಳ ಪೂರ್ಣ ಹೆಸರು, ತಂದೆಯ ಹೆಸರು ಬರೆಯುವ ರೂಢಿ ನಮ್ಮಲ್ಲಿ ಕೆಲವರಿಗಿದೆ. ಅದನ್ನು ಬಿಡುವುದು ಒಳ್ಳೆಯದು. ಇಲ್ಲಿ ಅವನು ಮೂರನೇ ಬೆಂಚಿನ ಹುಡುಗ.

ಪಾಠ ಮತ್ತು ಹುಡುಗನ ಉತ್ತರ

ನಮ್ಮ ತಾಲ್ಲೂಕು ಕೇಂದ್ರ ವಿದ್ಯುತ್ ಮಗ್ಗಗಳಿಗೆ ಹೆಸರಾದ ಊರು. ಸ್ಥಳೀಯ ಉದಾಹರಣೆ ಬಳಸಬೇಕೆಂದು ನಮ್ಮ ವಿಧಾನಶಾಸ್ತ್ರದ ಉಪನ್ಯಾಸಕರು ಹೇಳಿದ್ದರಿಂದ ಹಲಗೆಯ ಮೇಲೆ ಹೀಗೆ ಬರೆದೆ: 'ಒಂದು ಮಗ್ಗ 1 ಗಂಟೆಗೆ 3 ಮೀಟರ್ ಬಟ್ಟೆ ನೇಯುತ್ತದೆ. 8 ಗಂಟೆಗೆ ಎಷ್ಟು?' ಇಡೀ ತರಗತಿ ಒಕ್ಕೊರಲಿನಿಂದ 'ಇಪ್ಪತ್ನಾಲ್ಕು' ಎಂದಿತು. ಮೂರನೇ ಬೆಂಚಿನ ಹುಡುಗ ಮಾತ್ರ ತಲೆ ಅಲ್ಲಾಡಿಸಿದ.

'ಇಪ್ಪತ್ನಾಲ್ಕು ಬರಲ್ಲ ಮಿಸ್. ಹದಿನೆಂಟು ಬಂದ್ರೆ ಹೆಚ್ಚು. ಕಂಡಿಕೆ ಖಾಲಿಯಾಗುತ್ತೆ, ನೂಲು ಹರಿಯುತ್ತೆ, ಕರೆಂಟ್ ಹೋಗುತ್ತೆ. ಮಧ್ಯರಾತ್ರಿ ಆದ್ಮೇಲೆ ಇನ್ನೂ ನಿಧಾನ.'

ಗಣಿತದ ದೃಷ್ಟಿಯಿಂದ ಇದು ಬಹಳ ಒಳ್ಳೆಯ ಉತ್ತರ. ಎರಡು ಪರಿಮಾಣಗಳು ನೇರ ಅನುಪಾತದಲ್ಲಿರಬೇಕಾದರೆ ಅವುಗಳ ನಿಷ್ಪತ್ತಿ ಸ್ಥಿರವಾಗಿರಬೇಕು. ಮಗ್ಗದಲ್ಲಿ ಆ ನಿಷ್ಪತ್ತಿ ಗಂಟೆ ಗಂಟೆಗೂ ಬದಲಾಗುತ್ತದೆ ಎಂದು ಅವನು ತೋರಿಸಿಕೊಟ್ಟ. ನಾನು ಮೆಚ್ಚಿ, ಅವನಿಂದಲೇ ಗಂಟೆವಾರು ಪಟ್ಟಿ ಬರೆಸಿದೆ. ಪಾಠ ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಿ ಶಿಕ್ಷಕಿ ತರಗತಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: 'ಉತ್ತರ ಚೆನ್ನಾಗಿತ್ತಮ್ಮ. ಆದ್ರೆ ಮಧ್ಯರಾತ್ರಿ ಆದ್ಮೇಲೆ ಮಗ್ಗ ನಿಧಾನ ಅಂತ ಎಂಟನೇ ಕ್ಲಾಸಿನ ಹುಡುಗನಿಗೆ ಹೇಗೆ ಗೊತ್ತು?'

ನನಗೆ ಅದು ಹೊಳೆದೇ ಇರಲಿಲ್ಲ.

ಹಾಜರಿ ಪುಸ್ತಕ ಮತ್ತು ನನ್ನ ತಪ್ಪು

ಇಬ್ಬರೂ ಕೂತು ಹಾಜರಿ ಪುಸ್ತಕ ನೋಡಿದೆವು. ಎರಡು ತಿಂಗಳಿಂದ ಅವನು ಹೆಚ್ಚಿನ ಶನಿವಾರ ಮತ್ತು ಸೋಮವಾರ ಗೈರು. ಶುಕ್ರವಾರ ಸಂಜೆಯ ಬಸ್ಸಿಗೆ ದೊಡ್ಡಬಳ್ಳಾಪುರದ ಸೋದರಮಾವನ ಮನೆಗೆ ಹೋಗುತ್ತಾನೆ, ಅಲ್ಲಿ ಕಂಡಿಕೆ ಸುತ್ತುವುದು, ಹರಿದ ನೂಲು ಕಟ್ಟುವುದು ಅವನ ಕೆಲಸ, ಮಂಗಳವಾರ ಬೆಳಿಗ್ಗೆ ನೇರ ಶಾಲೆಗೆ ಬರುತ್ತಾನೆ ಎಂದು ಅವನ ಗೆಳೆಯರಿಂದ ತಿಳಿಯಿತು.

ಆದರೆ ಹಿಂದಿನ ಸೋಮವಾರ ಅವನ ಹೆಸರಿನ ಮುಂದೆ ಹಾಜರಿ ಗುರುತು ಇತ್ತು. ಅದನ್ನು ಹಾಕಿದವಳು ನಾನು. ಅಂದು ತರಗತಿ ಶಿಕ್ಷಕರು ರಜೆಯಲ್ಲಿದ್ದರು. ಹಾಜರಿ ಕರೆಯುವಾಗ ಪಕ್ಕದವನು 'ಯೆಸ್ ಮಿಸ್' ಎಂದ. ಹೊಸ ಮುಖಗಳು, ನಾನು ತಲೆ ಎತ್ತಿ ನೋಡಲಿಲ್ಲ.

ಇದು ಚಿಕ್ಕ ವಿಷಯವೆಂದು ಮೊದಲು ಅನ್ನಿಸಿತು. ಮಾರ್ಗದರ್ಶಿ ಶಿಕ್ಷಕಿ ಬಿಡಿಸಿ ಹೇಳಿದ ಮೇಲೆ ಹಾಗನ್ನಿಸಲಿಲ್ಲ. ಹಾಜರಿ ಪುಸ್ತಕ ಸರ್ಕಾರಿ ದಾಖಲೆ. ಬಿಸಿಯೂಟ, ಹಾಲಿನ ಲೆಕ್ಕ ಅದರ ಮೇಲೆ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗು ಶಾಲೆಯಲ್ಲಿ ಇರಲಿಲ್ಲ ಎನ್ನುವುದಕ್ಕೆ ಸರ್ಕಾರದ ಬಳಿ ಇರುವ ಏಕೈಕ ಸಾಕ್ಷಿ ಅದೇ ಗೈರು ಗುರುತು. ನಾನು ಒಂದು ಗೆರೆ ಎಳೆದು ಆ ಸಾಕ್ಷಿಯನ್ನು ಅಳಿಸಿದ್ದೆ. ಆ ದಿನ ಅವನು ಮಗ್ಗದ ಮುಂದೆ ನಿಂತಿದ್ದರೂ ಕಾನೂನಿನ ಕಣ್ಣಿಗೆ ನನ್ನ ತರಗತಿಯಲ್ಲಿ ಕುಳಿತಿದ್ದ. ತಪ್ಪನ್ನು ಮುಖ್ಯೋಪಾಧ್ಯಾಯರಿಗೆ ಬರೆದು ಕೊಟ್ಟೆ. ಅವರು ದಿನಾಂಕ ಹಾಕಿ, ಸಹಿಯೊಂದಿಗೆ ತಿದ್ದುಪಡಿ ಮಾಡಿದರು.

ಗಣಿತದವಳಾದ್ದರಿಂದ ಲೆಕ್ಕ ಹಾಕಿದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಬೋಧನಾ ದಿನಗಳು ಇರಬೇಕು. ವಾರದ ಆರು ದಿನಗಳಲ್ಲಿ ಎರಡು ದಿನ ತಪ್ಪಿದರೆ ಮೂರನೇ ಒಂದು ಭಾಗ ಹೋಯಿತು. ಅಂದರೆ ವರ್ಷಕ್ಕೆ ಸುಮಾರು 73 ದಿನ. ಒಂದೊಂದೇ ಸೋಮವಾರ ಎಂದು ನೋಡಿದರೆ ಕಾಣದ ನಷ್ಟ ಹೀಗೆ ಕೂಡಿದಾಗ ಕಾಣುತ್ತದೆ.

ಕಾನೂನು ಎಲ್ಲಿಂದ ಬಂತು

ನಮ್ಮಲ್ಲಿ ಅನೇಕರು ಶಿಕ್ಷಣ ಹಕ್ಕು ಕಾಯ್ದೆಯನ್ನು ಪರೀಕ್ಷೆಗಾಗಿ ಓದಿರುತ್ತೇವೆ. ಅದರ ಬೇರು ನಮ್ಮ ನೆರೆಯ ತುಮಕೂರಿಗೂ ತಾಗುತ್ತದೆ. ಅಲ್ಲಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಸೀಟಿಗೆ ಕೇಳಿದ ಭಾರಿ ಶುಲ್ಕವನ್ನು ಪ್ರಶ್ನಿಸಿ ಬಂದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 1992ರಲ್ಲಿ, ಶಿಕ್ಷಣವು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಹಕ್ಕಿಗೆ ಗಡಿ ಹಾಕಿತು: 14 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು, ಆಮೇಲೆ ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿಯಿಂದ 21ಎ ವಿಧಿ ಸೇರಿತು. 2009ರಲ್ಲಿ ಕಾಯ್ದೆಯಾಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಇನ್ನೊಂದು ದಾರಿ ದುಡಿಮೆಯ ಕಡೆಯಿಂದ ಬಂದದ್ದು. 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ, ಅಪಾಯಕಾರಿ ಕೆಲಸಗಳಿಗೆ ಹಚ್ಚಬಾರದೆಂದು ಸಂವಿಧಾನದ 24ನೇ ವಿಧಿ ಮೊದಲಿನಿಂದಲೂ ಹೇಳುತ್ತಿತ್ತು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಕೆಲಸದ ಮಕ್ಕಳ ಬಗ್ಗೆ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ 1996ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್, ಕಾನೂನು ಮೀರಿ ದುಡಿಸಿದ ಮಾಲೀಕರು ಪ್ರತಿ ಮಗುವಿಗೆ 20,000 ರೂಪಾಯಿ ಪರಿಹಾರ ನಿಧಿಗೆ ಕಟ್ಟಬೇಕು, ಸರ್ಕಾರ ಆ ಮನೆಯ ಒಬ್ಬ ವಯಸ್ಕರಿಗೆ ಕೆಲಸ ಕೊಡಬೇಕು, ಇಲ್ಲವೇ 5,000 ರೂಪಾಯಿ ಸೇರಿಸಬೇಕು ಎಂದಿತು. ಮಗುವನ್ನು ಬಿಡಿಸಿದರೆ ಸಾಲದು, ಮನೆಯ ಒಲೆ ಉರಿಯಬೇಕು ಎಂಬ ಅರಿವು ಆ ತೀರ್ಪಿನಲ್ಲಿದೆ.

ಈ ಎರಡು ದಾರಿ ಕೂಡಿದ್ದು 2016ರಲ್ಲಿ. ಅದಕ್ಕೂ ಮುಂಚೆ ಒಂದು ವಿಚಿತ್ರ ಪರಿಸ್ಥಿತಿ ಇತ್ತು. ಒಂದು ಕಾನೂನು ಪ್ರತಿ ಮಗುವೂ ಶಾಲೆಯಲ್ಲಿರಬೇಕು ಎನ್ನುತ್ತಿತ್ತು, ಇನ್ನೊಂದು ಕೆಲವು ಕೆಲಸಗಳಲ್ಲಿ ಮಾತ್ರ ಮಕ್ಕಳನ್ನು ನಿಷೇಧಿಸುತ್ತಿತ್ತು. ತಿದ್ದುಪಡಿಯ ನಂತರ ಅದು 'ಬಾಲ ಮತ್ತು ಕಿಶೋರ ಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ'ಯಾಯಿತು. ಈಗ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ಕಿಶೋರರನ್ನು ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಿಗೆ ಹಚ್ಚುವಂತಿಲ್ಲ. ಉಲ್ಲಂಘಿಸಿದ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಮಗುವಿನ ತಂದೆತಾಯಿಗೆ ಮೊದಲ ಸಲ ಶಿಕ್ಷೆ ಇಲ್ಲ.

'ನಮ್ಮನೆ ಹುಡುಗ' ಎಂಬ ವಾದ

ಮುಖ್ಯೋಪಾಧ್ಯಾಯರು ಹುಡುಗನ ತಾಯಿಯನ್ನೂ ಸೋದರಮಾವನನ್ನೂ ಕರೆಸಿದರು. ಎಸ್.ಡಿ.ಎಂ.ಸಿ. ಅಧ್ಯಕ್ಷರೂ ಇದ್ದರು. ನಾನು ಮೂಲೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡೆ.

'ನಮ್ ಯಜಮಾನ್ರಿಗೆ ಕಾಲು ಏಟಾಗಿ ಮೂರು ತಿಂಗ್ಳಾಯ್ತು ಸಾರ್. ಅಣ್ಣ ವಾರ ವಾರ ಕೊಡೋ ದುಡ್ಡಲ್ಲೇ ಮನೆ ನಡೀತಿರೋದು' ಎಂದರು ತಾಯಿ.

ಮಾವನೂ ಕೆಟ್ಟವರಂತೆ ಕಾಣಲಿಲ್ಲ. 'ಹೊರಗಿನವರತ್ರ ಬಿಟ್ಟಿಲ್ಲ ಮೇಷ್ಟ್ರೇ. ನನ್ನ ತಂಗಿ ಮಗ. ನಮ್ಮನೆ ಹುಡುಗ ನಮ್ಮನೆ ಮಗ್ಗದಲ್ಲಿ ಕೈ ಆಡಿಸಿದ್ರೆ ಅದನ್ನ ಕೂಲಿ ಅಂತಾರಾ?'

ಈ ಪ್ರಶ್ನೆಗೆ ಉತ್ತರ ನಾನು ಅಂದುಕೊಂಡಷ್ಟು ಸರಳವಲ್ಲ. ಕಾಯ್ದೆಯಲ್ಲಿ ನಿಜವಾಗಿಯೂ ಒಂದು ವಿನಾಯಿತಿ ಇದೆ. ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಗು ತನ್ನ ಕುಟುಂಬಕ್ಕೆ, ಕುಟುಂಬದ ಉದ್ಯಮಕ್ಕೆ ನೆರವಾಗಬಹುದು. 'ಕುಟುಂಬ' ಎಂದರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರಷ್ಟೇ ಅಲ್ಲ. ತಂದೆಯ ಮತ್ತು ತಾಯಿಯ ಒಡಹುಟ್ಟಿದವರೂ ಅದರಲ್ಲಿ ಸೇರುತ್ತಾರೆ. ಹಾಗಾಗಿ ಸೋದರಮಾವನ ಮಗ್ಗ 'ಕುಟುಂಬದ ಉದ್ಯಮ'ದ ವ್ಯಾಖ್ಯೆಯೊಳಗೆ ಬರಬಲ್ಲದು. ಮಾವನ ಮಾತಿನ ಮೊದಲರ್ಧ ಸರಿ.

ಆದರೆ ವಿನಾಯಿತಿಗೆ ಷರತ್ತುಗಳಿವೆ. ಅನುಸೂಚಿಯಲ್ಲಿರುವ ಅಪಾಯಕಾರಿ ಕೆಲಸಕ್ಕೆ ವಿನಾಯಿತಿ ಇಲ್ಲ. 1986ರಲ್ಲಿ ಕಾಯ್ದೆ ಬಂದಾಗಲೇ ಬಟ್ಟೆ ಮುದ್ರಣ, ಬಣ್ಣ ಹಾಕುವುದು ಮತ್ತು ನೇಯ್ಗೆ ಅದರ ಅನುಸೂಚಿಯಲ್ಲಿದ್ದವು. ಪಟ್ಟಿಯ ಮಾತು ಒಂದು ಕಡೆ ಇರಲಿ. 2017ರ ತಿದ್ದುಪಡಿ ನಿಯಮಗಳು ಈ 'ನೆರವು' ಹೇಗಿರಬೇಕೆಂದು ಬಿಡಿಸಿ ಹೇಳುತ್ತವೆ. ಆ ಕೆಲಸದಿಂದ ಮಗುವಿಗಾಗಲಿ ಮನೆಗಾಗಲಿ ಸಂಭಾವನೆ ಬರಬಾರದು. ಶಾಲಾ ಸಮಯದಲ್ಲಿ, ಹಾಗೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇರಬಾರದು. ದಿನಕ್ಕೆ 3 ಗಂಟೆ ಮೀರಬಾರದು. ದೊಡ್ಡವರು ಮಾಡಬೇಕಾದ ಕೆಲಸವನ್ನು ಮಗುವಿಗೆ ಹೊರಿಸಬಾರದು. ಓದಿಗೆ ಅಡ್ಡಿಯಾಗಬಾರದು.

ಮುಖ್ಯೋಪಾಧ್ಯಾಯರು ಈ ಷರತ್ತುಗಳನ್ನು ಒಂದೊಂದಾಗಿ ಕೇಳಿದರು. 'ವಾರ ವಾರ ದುಡ್ಡು ಕೊಡ್ತೀಯಲ್ಲಪ್ಪ, ಅದು ಕೂಲಿ ಆಯ್ತು. ರಾತ್ರಿ ನಿಲ್ಲಿಸ್ತೀಯ. ಶನಿವಾರ, ಸೋಮವಾರ ಸ್ಕೂಲ್ ಇರುತ್ತೆ. ಇವನು ಬರದಿದ್ರೆ ಆ ಕೆಲಸಕ್ಕೆ ಯಾರನ್ನ ಇಟ್ಕೋತಿದ್ದೆ?'

'ಒಬ್ಬ ಆಳನ್ನ ಇಟ್ಕೋಬೇಕಿತ್ತು ಸಾರ್.'

'ಹಾಗಾದ್ರೆ ಇವನು ಆಳೇ ಆದ.'

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇನ್ನೊಂದು ವಿಷಯವನ್ನೂ ಮುಖ್ಯೋಪಾಧ್ಯಾಯರು ವಿಚಾರಿಸಿದರು: ಮಾವನಿಂದ ಮುಂಗಡ ಪಡೆದಿದ್ದೀರಾ, ಹುಡುಗನ ಕೆಲಸವನ್ನು ಆ ಸಾಲಕ್ಕೆ ವಜಾ ಮಾಡಿಕೊಳ್ಳುತ್ತಿದ್ದೀರಾ ಎಂದು. ಇಲ್ಲವೆಂದು ಇಬ್ಬರೂ ಹೇಳಿದರು. ಹೌದೆಂದಿದ್ದರೆ ಜೀತ ಪದ್ಧತಿ ರದ್ದತಿ ಕಾಯ್ದೆ, 1976ರ ಪ್ರಶ್ನೆ ಏಳುತ್ತಿತ್ತು. ಆ ಕಾಯ್ದೆಯಡಿ ಜೀತದ ಸಾಲ ಎಂಬುದು ತಾನಾಗಿ ಅಳಿಯುತ್ತದೆ, ವಸೂಲಿ ಮಾಡುವಂತಿಲ್ಲ. ಮಗ್ಗದ ಊರುಗಳಲ್ಲಿ 'ಅಡ್ವಾನ್ಸ್' ಎಂಬ ಮಾತು ಕಿವಿಗೆ ಬಿದ್ದಾಗ ಶಿಕ್ಷಕರು ಈ ಪ್ರಶ್ನೆಯನ್ನು ತಪ್ಪದೆ ಕೇಳಬೇಕೆಂದು ಅಂದು ಕಲಿತೆ.

ನಿಯಮದ ಬಲೆಯಲ್ಲಿ ಒಂದು ಕಿಂಡಿ

2017ರ ನಿಯಮಗಳಲ್ಲಿ ಶಾಲೆಯ ಮೇಲೂ ಒಂದು ಕರ್ತವ್ಯವಿದೆ. ಮಗು ಯಾವ ಸೂಚನೆಯೂ ಇಲ್ಲದೆ ಸತತ 30 ದಿನ ಗೈರಾದರೆ ಮುಖ್ಯೋಪಾಧ್ಯಾಯರು ಆ ವಿಷಯವನ್ನು ನೋಡಲ್ ಅಧಿಕಾರಿಗೆ ತಿಳಿಸಬೇಕು. ಒಳ್ಳೆಯ ನಿಯಮ. ಆದರೆ ನಮ್ಮ ಹುಡುಗ ಈ ಬಲೆಗೆ ಎಂದೂ ಬೀಳುವುದಿಲ್ಲ. ಅವನ ಗೈರು ಸತತವಾಗಿ ಎರಡು ದಿನ ದಾಟುವುದೇ ಇಲ್ಲ. ಪ್ರತಿ ಮಂಗಳವಾರ ಅವನು ಬಂದು ಕುಳಿತಾಗ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ವರ್ಷಕ್ಕೆ 73 ದಿನ ಕಳೆದುಕೊಂಡರೂ ಕಾಗದದ ಮೇಲೆ ಅವನು 'ಶಾಲೆ ಬಿಟ್ಟ ಮಗು' ಅಲ್ಲ.

ಆದ್ದರಿಂದ ತರಗತಿ ಶಿಕ್ಷಕರು ಗೈರಿನ ಸಂಖ್ಯೆಯ ಜೊತೆಗೆ ಗೈರಿನ ಮಾದರಿಯನ್ನೂ ನೋಡಬೇಕು. ನಾನು ಆ ತರಗತಿಯ ಎರಡು ತಿಂಗಳ ಹಾಜರಿಯನ್ನು ವಾರದ ದಿನವಾರು ಪಟ್ಟಿ ಮಾಡಿದೆ. ಒಂದು ಹಾಳೆ, ಆರು ಅಂಕಣ, ಅರ್ಧ ಗಂಟೆಯ ಕೆಲಸ. ಸೋಮವಾರಗಳಲ್ಲಿ ಗೈರಾಗುವ ಇನ್ನೊಬ್ಬ ಹುಡುಗನೂ, ತಿಂಗಳಿಗೊಮ್ಮೆ ಸತತ ಮೂರು ನಾಲ್ಕು ದಿನ ಗೈರಾಗುವ ಇಬ್ಬರು ಹುಡುಗಿಯರೂ ಅದರಲ್ಲಿ ಕಂಡರು. ಹುಡುಗಿಯರ ಗೈರಿಗೆ ಕಾರಣ ಕೂಲಿಯಲ್ಲ, ಶೌಚಾಲಯದಲ್ಲಿ ನೀರಿಲ್ಲದಿರುವುದು. ಅದು ಬೇರೆಯೇ ಕಾನೂನಿನ ಪ್ರಶ್ನೆ: ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ ಮತ್ತು ಕುಡಿಯುವ ನೀರು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಕಡ್ಡಾಯ. ಇಲ್ಲಿ ಉತ್ತರ ಕೊಡಬೇಕಾದವರು ಪೋಷಕರಲ್ಲ, ನಾವು.

ಜಂಟಿ ಪಾಠ: 'ಸರಿಯೋ, ತಪ್ಪೋ?'

ಸಮಾಜ ವಿಜ್ಞಾನದ ಸಹ ಪ್ರಶಿಕ್ಷಣಾರ್ಥಿಯೊಂದಿಗೆ ಸೇರಿ ಎಂಟನೇ ತರಗತಿಗೆ ಒಂದು ಅವಧಿಯ ಜಂಟಿ ಪಾಠ ಮಾಡಿದೆವು. ಮೂರನೇ ಬೆಂಚಿನ ಹುಡುಗನ ಕಡೆ ಯಾರೂ ಬೆರಳು ತೋರಿಸುವಂತಾಗಬಾರದು ಎಂಬುದು ನಮ್ಮ ಮೊದಲ ಎಚ್ಚರ. ಹಾಗಾಗಿ ಯಾರ ಮನೆಯ ವಿಷಯವನ್ನೂ ಕೇಳಲಿಲ್ಲ. ಆರು ಕಲ್ಪಿತ ಸನ್ನಿವೇಶಗಳ ಚೀಟಿ ಮಾಡಿ ಆರು ಗುಂಪಿಗೆ ಕೊಟ್ಟೆವು.

1. ಹನ್ನೆರಡರ ಹುಡುಗಿ ಸಂಜೆ ಶಾಲೆಯಿಂದ ಬಂದು ಮನೆಯ ಹಸುವಿಗೆ ಹುಲ್ಲು ಹಾಕುತ್ತಾಳೆ. (ಮನೆಗೆ ನೆರವು, ಓದಿಗೆ ಅಡ್ಡಿಯಿಲ್ಲ. ಸರಿ.)
2. ಹದಿಮೂರರ ಹುಡುಗ ಭಾನುವಾರ ಮಾತ್ರ ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಾನೆ. (ರಜಾ ದಿನವಾದರೂ ಹೊರಗಿನವರ ಅಂಗಡಿ. ತಪ್ಪು.)
3. ಹದಿನೈದರ ಹುಡುಗ ಬೇಸಿಗೆ ರಜೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಹಗಲು ಕೆಲಸ ಮಾಡುತ್ತಾನೆ. (ಕಿಶೋರ, ಅಪಾಯಕಾರಿಯಲ್ಲದ ಕೆಲಸ. ವಿಶ್ರಾಂತಿಯೂ ಸೇರಿ ದಿನಕ್ಕೆ 6 ಗಂಟೆ ಮೀರದಿದ್ದರೆ, ವಾರಕ್ಕೊಂದು ರಜೆ ಇದ್ದರೆ ಸರಿ.)
4. ಹದಿನೇಳರ ಹುಡುಗ ಗಣಿಯಲ್ಲಿ ದುಡಿಯುತ್ತಾನೆ. (ತಪ್ಪು.)
5. ಹದಿಮೂರರ ಹುಡುಗಿ ಚಿಕ್ಕಪ್ಪನ ಅಂಗಡಿಯಲ್ಲಿ ರಾತ್ರಿ ಹತ್ತರವರೆಗೆ ಕೂರುತ್ತಾಳೆ. (ಕುಟುಂಬವೇ, ಆದರೆ ಏಳು ಗಂಟೆ ಮೀರಿದೆ. ತಪ್ಪು.)
6. ಶಿಕ್ಷಕರು ಇಬ್ಬರು ಮಕ್ಕಳನ್ನು ಕರೆದು ಪ್ರತಿದಿನ ಶೌಚಾಲಯ ತೊಳೆಸುತ್ತಾರೆ. (ಚರ್ಚೆಗೆ.)

ಎರಡನೇ ಚೀಟಿಯ ಮೇಲೆ ವಾದ ಜೋರಾಯಿತು. 'ಭಾನುವಾರ ಸ್ಕೂಲೇ ಇಲ್ವಲ್ಲ ಮಿಸ್, ಕ್ರಿಕೆಟ್ ಆಡೋ ಬದಲು ದುಡೀತಾನೆ' ಎಂದು ಒಂದು ಗುಂಪು. 'ಮನೆಯವರಿಗೆ ನೆರವಾಗೋದು' ಮತ್ತು 'ಮಾಲೀಕರಿಗೆ ದುಡಿಯೋದು' ಇವೆರಡರ ವ್ಯತ್ಯಾಸವನ್ನು ಕೊನೆಗೆ ಮಕ್ಕಳೇ ಹೇಳಿದರು. ಆಗ ಮುಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. 'ಅಮ್ಮ ಕೂಲಿಗೆ ಹೋದಾಗ ತಮ್ಮನ್ನ ನೋಡ್ಕೊಳ್ಳೋಕೆ ಮನೇಲಿ ಉಳೀಬೇಕಾಗುತ್ತೆ ಮಿಸ್. ಅದು ಯಾವ ಚೀಟೀಲಿ ಬರುತ್ತೆ?'

ನಮ್ಮ ಚೀಟಿಗಳಲ್ಲಿ ಅದು ಇರಲಿಲ್ಲ. ಮಾಲೀಕ ಇಲ್ಲದ, ಕೂಲಿ ಇಲ್ಲದ ಹೆಣ್ಣುಮಕ್ಕಳ ಈ ದುಡಿಮೆ ಕಾನೂನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಆದರೂ ಶಾಲಾ ಸಮಯದಲ್ಲಿ ಮನೆಗೆಲಸಕ್ಕೆ ಉಳಿಸಿಕೊಳ್ಳುವುದು ವಿನಾಯಿತಿಯೊಳಗೆ ಬರದು ಎಂದು ಹೇಳಿದೆವು. ಅಂಗನವಾಡಿ, ಪಂಚಾಯಿತಿಯ 'ಕೂಸಿನ ಮನೆ'ಯ ವಿಷಯವನ್ನು ಅವಳ ತಾಯಿಗೆ ತಿಳಿಸಲು ತರಗತಿ ಶಿಕ್ಷಕರು ಒಪ್ಪಿದರು. ಮುಂದಿನ ಸಲ ಈ ಪಾಠ ಮಾಡಿದರೆ ಏಳನೇ ಚೀಟಿ ಅವಳದು.

ಶಾಲೆಯೂ ಒಂದು ಕೆಲಸದ ಜಾಗ

ಆರನೇ ಚೀಟಿ ನಮ್ಮನ್ನೇ ನೋಡಿಕೊಳ್ಳುವಂತೆ ಮಾಡಿತು. 2023ರ ಡಿಸೆಂಬರ್‌ನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ರಾಜ್ಯವನ್ನೇ ಕಲಕಿತ್ತು. ಸಿಬ್ಬಂದಿ ಅಮಾನತಾದರು, ಪೊಲೀಸ್ ಪ್ರಕರಣ ದಾಖಲಾಯಿತು. ಮಲಗುಂಡಿಗೆ ವಯಸ್ಕ ಕಾರ್ಮಿಕರನ್ನು ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನೇ 2013ರ ಕಾಯ್ದೆ ನಿಷೇಧಿಸಿರುವಾಗ ಮಕ್ಕಳ ಮಾತೆಲ್ಲಿ?

ಅಷ್ಟು ಘೋರವಲ್ಲದ ರೂಢಿಗಳನ್ನು ನಾವು ದಿನವೂ ನೋಡುತ್ತೇವೆ. ಟೀ ತರಿಸುವುದು, ಬೈಕು ಒರೆಸುವುದು, ನೀರಿನ ಕ್ಯಾನು ಹೊರಿಸುವುದು. ತರಗತಿ ಗುಡಿಸುವ ಸರದಿ ಎಲ್ಲ ಮಕ್ಕಳಿಗೂ, ಶಿಕ್ಷಕರಿಗೂ ಸಮನಾಗಿ ಬಂದರೆ ಅದು ಕಲಿಕೆ. ಸದಾ ಅದೇ ಇಬ್ಬರು ಮಕ್ಕಳಿಗೆ, ಅದೇ ಕೇರಿಯವರಿಗೆ, ಬರೀ ಹುಡುಗಿಯರಿಗೆ ಬಂದರೆ ಅದು ದುಡಿಸಿಕೊಳ್ಳುವಿಕೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಿಕ್ಷೆಯಾಗಿ ಶೌಚಾಲಯ ತೊಳೆಸುವುದು ಎರಡೂ ಆಗಬಹುದು.

ದೊಡ್ಡವರ ಮಟ್ಟಿಗೂ ಶಾಲೆ ಒಂದು ಉದ್ಯೋಗ ಸ್ಥಳ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ಅಡುಗೆ ಸಿಬ್ಬಂದಿಗೂ ಅತಿಥಿ ಶಿಕ್ಷಕಿಯರಿಗೂ ಅನ್ವಯಿಸುತ್ತದೆ. ಅದರ 'ನೌಕರ' ಎಂಬ ವ್ಯಾಖ್ಯೆಯಲ್ಲಿ ಪ್ರಶಿಕ್ಷಣಾರ್ಥಿ ಎಂಬ ಮಾತೂ ಇದೆ. ಅಂದರೆ ನಾವೂ ಅದರ ರಕ್ಷಣೆ ಕೇಳಬಹುದು. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇರುವ ಶಾಲೆಯಲ್ಲಿ ಆಂತರಿಕ ಸಮಿತಿ ಇರದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹಳ್ಳಿ ಶಾಲೆಗಳಿಗೆ ಹೋಗುವ ನಮ್ಮ ಸಹಪಾಠಿನಿಯರು ಇದನ್ನು ತಿಳಿದಿರಬೇಕು.

ದೂರು ಕೊಡಬೇಕಿತ್ತೇ?

ಈ ಪ್ರಶ್ನೆಗೆ ನಾನಿನ್ನೂ ಪೂರ್ತಿ ಉತ್ತರ ಕಂಡುಕೊಂಡಿಲ್ಲ. ಬಾಲಕಾರ್ಮಿಕರನ್ನು ಇಟ್ಟುಕೊಳ್ಳುವುದು ಈಗ ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ. ಯಾರು ಬೇಕಾದರೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಸಾಕು. ಕೂಡಲೇ ಕಾರ್ಮಿಕ ನಿರೀಕ್ಷಕರಿಗೆ ತಿಳಿಸಬೇಕು ಎಂಬುದು ಮಾರ್ಗದರ್ಶಿ ಶಿಕ್ಷಕಿಯ ಅಭಿಪ್ರಾಯವಾಗಿತ್ತು. ಹಾಗೆ ಮಾಡಿದರೆ ಮಾವನ ಮೇಲೆ ಕೇಸು, ಮನೆಗೆ ಬರುತ್ತಿದ್ದ ಹಣವೂ ನಿಂತು, ಹುಡುಗನನ್ನು ಇನ್ನೂ ದೂರದ, ಗುರುತಿಲ್ಲದವರ ಕೆಲಸಕ್ಕೆ ಕಳಿಸಿಯಾರು ಎಂಬುದು ಮುಖ್ಯೋಪಾಧ್ಯಾಯರ ಅಂಜಿಕೆ. ಕೊನೆಗೆ ನಡುದಾರಿ ಹಿಡಿದರು. ಮಾವ ಇನ್ನು ಮುಂದೆ ಕೆಲಸಕ್ಕೆ ಕರೆಸಿಕೊಳ್ಳುವುದಿಲ್ಲವೆಂದು ಒಪ್ಪಿದರು. ಇನ್ನೊಮ್ಮೆ ಮಗ್ಗಕ್ಕೆಂದು ಗೈರಾದರೆ ಅದೇ ದಿನ ಕಾರ್ಮಿಕ ಇಲಾಖೆಗೆ ತಿಳಿಸುವುದೆಂದು ಎಸ್.ಡಿ.ಎಂ.ಸಿ. ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಮಾಡಿಸಿದರು. ಮನೆಯ ಆದಾಯಕ್ಕಾಗಿ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅರ್ಜಿ ಹಾಕಿಸಿದರು. ಮಂಜೂರಾದರೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೀಗೆ ತೂಗಿ ನೋಡುವ ಅವಕಾಶ ಎಲ್ಲ ವಿಷಯದಲ್ಲೂ ಇಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆ, 2012ರ 19ನೇ ಕಲಂನಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಅಲ್ಲಿ ಪಂಚಾಯಿತಿಯೂ ಇಲ್ಲ, ನಡುದಾರಿಯೂ ಇಲ್ಲ.

ಉಪಸಂಹಾರ

ನನ್ನ ಇಂಟರ್ನ್‌ಶಿಪ್ ಮುಗಿಯಲು ಇನ್ನೂ ಮೂರು ವಾರ ಇದ್ದವು. ಆ ಮೂರು ಶನಿವಾರವೂ ಮೂರು ಸೋಮವಾರವೂ ಅವನು ಬಂದ. ಹಾಜರಿ ಕರೆಯುವಾಗ ನಾನು ತಲೆ ಎತ್ತಿ ಮುಖ ನೋಡಿಯೇ ಗುರುತು ಹಾಕಿದೆ. ಕಿರುಪರೀಕ್ಷೆಯಲ್ಲಿ ಅನುಪಾತದ ನಾಲ್ಕು ಲೆಕ್ಕಗಳಲ್ಲಿ ಮೂರನ್ನು ಸರಿ ಮಾಡಿದ್ದ. ಅರ್ಜಿಯ ವಿಷಯ ನಾನು ಹೊರಡುವವರೆಗೆ ತೀರ್ಮಾನವಾಗಿರಲಿಲ್ಲ.

ಜನವರಿಯಲ್ಲಿ ಅವನಿಗೆ 14 ತುಂಬುತ್ತದೆ. ಎಂಟನೇ ತರಗತಿ ಮುಗಿಸುವವರೆಗೆ ಉಚಿತ ಶಿಕ್ಷಣದ ಹಕ್ಕು ಅವನಿಗಿದೆ. ಒಂಬತ್ತಕ್ಕೆ ಹೋದ ಮೇಲೆ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಅವನಿಗಿಲ್ಲ, ಅದೇ ಹೊತ್ತಿಗೆ ಅಪಾಯಕಾರಿಯಲ್ಲದ ಕೆಲಸದ ಬಾಗಿಲು ಅವನಿಗೆ ಕಾನೂನಿನಿಂದಲೇ ತೆರೆಯುತ್ತದೆ. ಶಾಲೆ ಹಿಡಿದುಕೊಳ್ಳುವ ಕೈ ಸಡಿಲವಾಗುವ ವಯಸ್ಸೂ ಮಾಲೀಕರು ಚಾಚುವ ಕೈಗೆ ಅನುಮತಿ ಸಿಗುವ ವಯಸ್ಸೂ ಒಂದೇ. ಸರ್ಕಾರಿ ಪ್ರೌಢಶಾಲೆಗೆ ಶಿಕ್ಷಕರಾಗಿ ಹೋಗುವ ನಮಗೆ ಸಿಗುವ ಮಕ್ಕಳೆಲ್ಲ ಆ ವಯಸ್ಸಿನವರೇ. ಅಲ್ಲಿಂದಾಚೆಗೆ ಅವರನ್ನು ಬೆಂಚಿನಲ್ಲಿ ಉಳಿಸಿಕೊಳ್ಳಲು ನಮ್ಮ ಹತ್ತಿರ ಇರುವುದು ಪಾಠ ಮತ್ತು ನಮ್ಮ ಎಚ್ಚರ ಎರಡೇ.

ಕೊನೆಯ ದಿನ ಅವನು ಬಂದು ಕೇಳಿದ: 'ಮಿಸ್, ಮಗ್ಗದ್ದು ನೇರ ಅನುಪಾತ ಅಲ್ಲ ಅಂದ್ರೆ, ಅದನ್ನ ಏನಂತಾರೆ?' ಗ್ರಾಫ್ ಹಾಳೆಯ ಮೇಲೆ ಅವನದೇ ಪಟ್ಟಿಯ ಬಿಂದುಗಳನ್ನು ಗುರುತಿಸಿ ತೋರಿಸಿದೆ. ಗೆರೆ ನೇರವಾಗಿ ಏರಲಿಲ್ಲ, ಮೇಲೆ ಹೋಗುತ್ತಾ ಬಾಗಿತು. 'ಇದರ ಬಗ್ಗೆ ಮುಂದಿನ ಕ್ಲಾಸುಗಳಲ್ಲಿ ಓದ್ತೀಯ' ಎಂದೆ. ಅವನು ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡ.